ಸುಟ್ಟ ಮೇಲೆ ಒಂದಕ್ಕೊಂದು ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ಮೂರು ವರ್ಷದಿಂದ ಚಕ್ರದ ಮೇಲೆ ಮಣ್ಣಿನ ಕೆಲಸ ಮಾಡುತ್ತಿದ್ದೇನೆ. ಹೋದ ವರ್ಷ ಐದು ತುಂಡುಗಳ ಒಂದು ಗೋಪುರ ಮಾಡಿದೆ. ಜಾಲಿ ಕೊರೆದ ದೀಪದ ಬಳೆ (ತಳವಿಲ್ಲದ ಮಣ್ಣಿನ ಉಂಗುರ), ಒಂದು ಡಬ್ಬಿ, ಒಂದು ಬಟ್ಟಲು, ಸುಮ್ನೆ ಅಂದಕ್ಕೆ ಏಣು ಏಣಾದ ಇನ್ನೊಂದು ಬಳೆ, ತುದಿಗೆ ಗಿಡದ ಕುಂಡ. ಎಲ್ಲವೂ ಒಂದೇ ಅಗಲ. ಒಂದರ ಬುಡ ಇನ್ನೊಂದರ ಬಾಯೊಳಗೆ ಕೂರುತ್ತದೆ. ಯಾವುದನ್ನು ಯಾವುದರ ಮೇಲೆ ಬೇಕಾದರೂ ಪೇರಿಸಬಹುದು, ಅದೇ ಅದರ ಖುಷಿ. ಕೆಳಗೆ ಬಡಗಿಯಿಂದ ಮಾಡಿಸಿದ ಮರದ ಪೀಠ. ಫೋಟೋ ನೋಡಿ ಮಲೆನಾಡಿನ ಒಂದು ಹೋಂಸ್ಟೇಯವರು 20 ಸೆಟ್ ಕೇಳಿದ್ದಾರೆ. ಮುಂಗಡವನ್ನೂ ಕೊಟ್ಟಿದ್ದಾರೆ.

ಮೊದಲ ಸಲ ಸುಟ್ಟಾಗ ಎಲ್ಲವೂ ಚೆನ್ನಾಗಿ ಕೂತವು. ಗ್ಲೇಜ್ (ಗಾಜಿನಂಥ ಲೇಪ) ಹಾಕಿ 1230 ಡಿಗ್ರಿಗೆ ಸುಟ್ಟ ಮೇಲೆ ಅರ್ಧದಷ್ಟು ಕೂರುತ್ತಿಲ್ಲ. ಕೆಲವು ಒಳಗೇ ಹೋಗಲ್ಲ. ಕೆಲವು 4 ಮಿ.ಮೀ. ಸಡಿಲವಾಗಿ ಅಲ್ಲಾಡುತ್ತವೆ. ಜಾಗ ಉಳಿಯಲಿ ಅಂತ ಒಂದರ ಮೇಲೊಂದಿಟ್ಟು ಸುಟ್ಟ ಎರಡು ತುಂಡು ಅಂಟಿಕೊಂಡೇ ಬಿಟ್ಟಿವೆ. ಮಣ್ಣಿನ ಚೀಲದ ಮೇಲೆ ಶೇ. 12 ಕುಗ್ಗುತ್ತದೆ ಎಂದು ಬರೆದಿತ್ತು. ಅದಕ್ಕೇ 20 ಸೆಂ.ಮೀ. ಬೇಕಾದಲ್ಲಿ 22.4 ಮಾಡಿದ್ದೆ. ಆದರೂ ಮರದ ಪೀಠದಲ್ಲಿ ಲೊಡಲೊಡ ಅನ್ನುತ್ತದೆ. ಕಿಲ್ನ್ (ಮಣ್ಣು ಸುಡುವ ಗೂಡು) ಸರಿಯಿಲ್ಲ ಅಂತ ಒಬ್ಬರು, ಅಚ್ಚು ಮಾಡಿಸು ಅಂತ ಇನ್ನೊಬ್ಬರು, ಅರಾಲ್ಡೈಟ್ ಹಾಕಿ ಅಂಟಿಸು ಅಂತ ಮತ್ತೊಬ್ಬರು. ಸ್ಟುಡಿಯೋದ ಹಿರಿಯರೊಬ್ಬರು ‘ಕೈಕೆಲಸಕ್ಕೂ ಮಾಡ್ಯುಲರ್‌ಗೂ ಆಗಿಬರಲ್ಲ’ ಎಂದರು (ಮಾಡ್ಯುಲರ್ ಅಂದರೆ ಬಿಡಿ ತುಂಡುಗಳನ್ನು ಬೇಕಾದಂತೆ ಜೋಡಿಸುವ ವಿನ್ಯಾಸ). ಇದು ಪಾತ್ರೆಯೋ ಶಿಲ್ಪವೋ ನನಗೇ ಗೊತ್ತಾಗದೆ ಬೆಲೆ ಹೇಳುವುದೂ ಕಷ್ಟವಾಗಿದೆ. ಆರ್ಡರ್ ವಾಪಸ್ ಕೊಟ್ಟುಬಿಡಲೇ?

ಉತ್ತರ: ವಾಪಸ್ ಕೊಡಬೇಡಿ. ಆದರೆ ಹೇಳಿದ ದಿನಕ್ಕೆ ಕೊಡುವುದೂ ಆಗಲಿಕ್ಕಿಲ್ಲ. ಇವತ್ತೇ ಅವರಿಗೆ ಫೋನ್ ಮಾಡಿ ಇನ್ನೆರಡು ತಿಂಗಳು ಕೇಳಿ. ಮಣ್ಣು ಒಣಗುವುದನ್ನು ಆತುರಪಡಿಸಿದರೆ ಈ ಸಲದ ಕಥೆಯೇ ಮತ್ತೆ ಆಗುತ್ತದೆ.

ನಿಮ್ಮ ಪತ್ರ ಓದಿದಾಗ ನನಗೆ ಕಂಡಿದ್ದು ಒಂದು ತೊಂದರೆ ಅಲ್ಲ, ನಾಲ್ಕು. ನಾಲ್ಕೂ ಸೇರಿ ಒಂದೇ ಗಂಟಾಗಿವೆ. ಜೊತೆಗೆ ನೀವು ಕೇಳದೇ ಇರುವ ಐದನೆಯದೂ ಒಂದಿದೆ. ಅದು ಉಳಿದವಕ್ಕಿಂತ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಿರಿಯರ ಮಾತು. ನಾನು ಮಂಗಳೂರಿನ ಕಡೆಯವಳು. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಊರಿಗೊಂದು ಚಿಮಣಿ ಎದ್ದಿತು. ಮಂಗಳೂರು ಹೆಂಚಿಗಿಂತ ಒಳ್ಳೆ ಮಾಡ್ಯುಲರ್ ವಸ್ತು ಬೇಕಾ? ಸುಟ್ಟ ಮಣ್ಣು, ಒಂದಕ್ಕೊಂದು ಸಿಕ್ಕಿಸುವ ಕಾಲುವೆ, ಒಡೆದದ್ದನ್ನು ತೆಗೆದು ಬೇರೆ ಹಾಕುವ ಅನುಕೂಲ. ಎರಡು ಹೆಂಚು ಸಿಕ್ಕಿದರೆ ಸಿಕ್ಕಿಸಿ ಅಲ್ಲಾಡಿಸಿ ನೋಡಿ. ಅವು ಬಿಗಿಯಾಗಿ ಕೂರುವುದೇ ಇಲ್ಲ. ಅತ್ತ ಇತ್ತ ಸ್ವಲ್ಪ ಜಾರುತ್ತವೆ. ಅದು ತಪ್ಪಿನಿಂದ ಆದದ್ದಲ್ಲ, ಬೇಕೆಂದೇ ಬಿಟ್ಟದ್ದು. ಹೆಂಚು ಹೊದಿಸುವವರು ಅದೇ ಸಡಿಲನ್ನು ನಂಬಿ ಎಳೆದು ತಳ್ಳಿ ಸಾಲು ನೇರ ಮಾಡುತ್ತಾರೆ. ಕಾಲುವೆಯ ಕೆಲಸ ನೀರು ಒಳಗೆ ಬರದಂತೆ ತಿರುಗಿಸುವುದು, ಹೆಂಚು ಜಾರದಂತೆ ಹಿಡಿಯುವುದು. ಬಿಗಿ ಹಿಡಿಯುವುದಲ್ಲ.

ಹೆಂಚು ಯಂತ್ರ ಒತ್ತಿದ್ದು, ಕೈಕೆಲಸ ಎಲ್ಲಿ ಅಂತ ನೀವು ಕೇಳಬಹುದು. ಸರಿ, ಬಂಗಾಳದ ಬಾಂಕುಡಾ ಜಿಲ್ಲೆಗೆ ಹೋಗೋಣ. ಅಲ್ಲಿನ ಪಾಂಚ್‌ಮುಡಾ ಊರಿನ ಕುಂಬಾರರ ಮಣ್ಣಿನ ಕುದುರೆಯನ್ನು ನೀವು ನೋಡಿಯೇ ಇರುತ್ತೀರಿ. ಉದ್ದ ಕತ್ತು, ನೆಟ್ಟಗೆ ನಿಂತ ಕಿವಿ. ಕಾಲು, ಮೈ, ಕತ್ತು, ಮುಖ ಎಲ್ಲ ಚಕ್ರದ ಮೇಲೆ ಬೇರೆ ಬೇರೆ ಎತ್ತಿ, ಅಂದರೆ ರೂಪಿಸಿ, ಹಸಿ ಇರುವಾಗಲೇ ಕೂಡಿಸುತ್ತಾರೆ. ಕಿವಿ ಮತ್ತು ಬಾಲ ಮಾತ್ರ ಬಿಡಿ. ಮೈಯಲ್ಲಿ ಬಿಟ್ಟ ಕುಳಿಗೆ ಅವನ್ನು ಸಿಕ್ಕಿಸುವುದು. ಆ ಕುಳಿ ಕಿವಿಯ ಬುಡಕ್ಕಿಂತ ದೊಡ್ಡದೇ ಇರುತ್ತದೆ. ಕಿವಿ ಕೊಂಚ ಓರೆಯಾದರೂ ಕುದುರೆಗೆ ಅದು ಒಪ್ಪುತ್ತದೆ.

ಅಂದರೆ ನಿಮ್ಮ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಕೈಕೆಲಸಕ್ಕೂ ಬಿಗಿ ಹೊಂದಿಕೆಗೂ ಆಗಿಬರಲ್ಲ. ಮಾಡ್ಯುಲರ್‌ಗೆ ಬಿಗಿ ಬೇಕೇ ಬೇಕು ಅಂತ ಅವರು ಅಂದುಕೊಂಡದ್ದು ಮಾತ್ರ ತಪ್ಪು. ನಾವು ಸ್ಟೀಲ್ ಟಿಫನ್ ಕ್ಯಾರಿಯರ್ ನೋಡಿ ಬೆಳೆದವರು. ಅದರ ಡಬ್ಬಿಗಳು ಟಕ್ ಅಂತ ಕೂರುವ ಹಾಗೆ ಮಣ್ಣೂ ಕೂರಲಿ ಅಂತ ಆಸೆಪಡುತ್ತೇವೆ. ಸ್ಟೀಲನ್ನು ಒತ್ತಿದ ಅಳತೆಯೇ ಕೊನೆಯ ಅಳತೆ. ಮಣ್ಣಿನ ಅಳತೆ ಕೊನೆಗೆ ನಿಲ್ಲುವುದು ಕಿಲ್ನ್ ತಣ್ಣಗಾದ ಮೇಲೆಯೇ.

ಈಗ ನಿಮ್ಮ ತುಂಡುಗಳಿಗೆ ಏನಾಯಿತು ನೋಡೋಣ. ಸ್ಟೋನ್‌ವೇರ್ ಮಣ್ಣು, ಅಂದರೆ ನೀವು ಬಳಸುವಂಥ ಹೆಚ್ಚು ಬಿಸಿಗೆ ಸುಡುವ ಮಣ್ಣು, ಎರಡು ಕಂತಿನಲ್ಲಿ ಕುಗ್ಗುತ್ತದೆ. ನೀರು ಆರಿ ಒಣಗುವಾಗ ಸುಮಾರು ಅರ್ಧ. ಉಳಿದರ್ಧ ಕೊನೆಯ ಸುಡುವಿಕೆಯಲ್ಲಿ, ಮಣ್ಣಿನೊಳಗೆ ಗಾಜಿನಂಥದ್ದು ಕರಗಿ ಸಂದುಗಳನ್ನು ತುಂಬಿಕೊಂಡು ಮೈ ಬಿಗಿಯಾಗುವಾಗ. ನಡುವೆ, ಗ್ಲೇಜ್ ಹಾಕುವ ಮೊದಲು, ನೀವು 1000 ಡಿಗ್ರಿಗೆ ಮಾಡುವ ಬಿಸ್ಕ್ ಸುಡುವಿಕೆಯಲ್ಲಿ ಕುಗ್ಗುವುದು ತೀರ ಕಮ್ಮಿ, ಅಲ್ಲಿ ಸೊಟ್ಟಗಾಗುವುದೂ ಕಮ್ಮಿ. ಅದಕ್ಕೇ ಬಿಸ್ಕ್ ಆದಾಗ ಎಲ್ಲ ಕೂತವು. ನೀವು ಪರೀಕ್ಷೆ ಮಾಡಿದ್ದು ಪರೀಕ್ಷೆ ಶುರುವಾಗುವ ಮೊದಲೇ! ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ಬಿಸ್ಕ್‌ನಲ್ಲಿ ಕೂತಿತು ಅನ್ನುವುದರಿಂದ ಏನೂ ಗೊತ್ತಾಗಲ್ಲ.

ಮರದ ಪೀಠದ ಲೊಡಲೊಡ ಬೇರೆ ಕಥೆ. ಅದು ಬರೀ ಲೆಕ್ಕದ ತಪ್ಪು. ಶೇ. 12 ಕುಗ್ಗುತ್ತದೆ ಅಂದರೆ ಹಸಿ ಅಳತೆಯ ಶೇ. 12, ಸುಟ್ಟ ಅಳತೆಯದ್ದಲ್ಲ. ನೀವು 20ಕ್ಕೆ ಶೇ. 12 ಸೇರಿಸಿ 22.4 ಮಾಡಿದಿರಿ. 22.4ರಿಂದ ಶೇ. 12 ಹೋದರೆ ಉಳಿಯುವುದು 19.7. ಮೂರು ಮಿ.ಮೀ. ಅಲ್ಲೇ ಹೋಯಿತು. ಸೇರಿಸಬಾರದು, ಭಾಗಿಸಬೇಕು. 20ನ್ನು 0.88ರಿಂದ ಭಾಗಿಸಿದರೆ 22.7 ಬರುತ್ತದೆ. ನಿಮ್ಮ ಹಸಿ ಅಳತೆ ಅಷ್ಟಿರಬೇಕಿತ್ತು. ಮಣ್ಣಿಗೆ ಮಣ್ಣು ಜೋಡಿಸುವಾಗ ಈ ತಪ್ಪು ಗೊತ್ತಾಗುವುದಿಲ್ಲ, ಎಲ್ಲವೂ ಒಟ್ಟಿಗೆ ಚಿಕ್ಕದಾಗಿರುತ್ತವೆ. ಮರ, ಗಾಜು, ಬಲ್ಬ್ ಹೋಲ್ಡರ್, ಕಬ್ಬಿಣದ ಸರಳು ಇವೆಲ್ಲ ಕುಗ್ಗದ ವಸ್ತುಗಳು. ಮಣ್ಣು ಅವುಗಳ ಜೊತೆ ಸೇರುವ ಕಡೆ ಲೆಕ್ಕ ತಪ್ಪಿದ್ದು ಬಯಲಾಗುತ್ತದೆ. ಇದಕ್ಕೆ ನನ್ನದು ಒಂದೇ ಬುದ್ಧಿಮಾತು. ಮಣ್ಣು ಸುಟ್ಟು ಕೈಗೆ ಬರುವ ತನಕ ಬಡಗಿಯ ಮನೆಗೆ ಹೋಗಬೇಡಿ. ಪೀಠ ಯಾವತ್ತೂ ಕೊನೆಗೆ. ಮರವನ್ನು ಉಜ್ಜಬಹುದು.

ಮೂರನೆಯದು, ತುಂಡು ತುಂಡಿಗೂ ಬಂದ ವ್ಯತ್ಯಾಸ. ಚೀಲದ ಮೇಲಿನ ಶೇ. 12 ಒಂದು ಸರಾಸರಿ. ನೀವು ಎಷ್ಟು ನೀರು ಬಳಸಿ ಎತ್ತಿದಿರಿ, ಹಳೇ ಮಣ್ಣು ಎಷ್ಟು ಬೆರೆಸಿದಿರಿ, ಕಿಲ್ನ್‌ನ ಯಾವ ತಟ್ಟಿನಲ್ಲಿಟ್ಟಿರಿ, ಇದರ ಮೇಲೆ ಅದು 11 ಆಗಬಹುದು, 13 ಆಗಬಹುದು. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? 20 ಸೆಂ.ಮೀ. ಹಸಿ ಬಳೆ ಶೇ. 11 ಕುಗ್ಗಿದರೆ 17.8 ಆಗುತ್ತದೆ. ಶೇ. 13 ಕುಗ್ಗಿದರೆ 17.4. ನಿಮ್ಮ ಪತ್ರದ ಆ 4 ಮಿ.ಮೀ. ಇಲ್ಲೇ ಸಿಕ್ಕಿತು. ಐದು ತುಂಡನ್ನು ಬೇರೆ ಬೇರೆ ದಿನ ಎತ್ತಿದ್ದೀರಿ, ಕೊನೆಯವಕ್ಕೆ ಚೂರುಪಾರು ಕಲಸಿದ ಮಣ್ಣು ಬಳಸಿದ್ದೀರಿ ಅಂತ ನನ್ನ ಊಹೆ. ನಾವೆಲ್ಲ ಮಾಡುವುದೇ ಅದು.

ಹಾಗಾಗಿ ಕಿಲ್ನ್ ಸರಿಯಿಲ್ಲ ಅನ್ನುವ ಮಾತನ್ನು ನಾನು ಒಪ್ಪಲ್ಲ. ಮೇಲೆ, ಕೆಳಗೆ, ಬಾಗಿಲ ಹತ್ತಿರ ಒಂದೇ ಬಿಸಿ ಇರುವ ಕಿಲ್ನ್ ನಾನು ನೋಡಿಲ್ಲ. ಅದರ ಗುಣ ತಿಳಿದು ಬಳಸಬೇಕು, ಅಷ್ಟೇ. ನಿಮ್ಮ ಮಣ್ಣಿನ ಆರೇಳು ಪಟ್ಟಿ ಮಾಡಿ. ಹಸಿ ಇರುವಾಗ ಪ್ರತಿಯೊಂದರ ಮೇಲೂ ಸರಿಯಾಗಿ 10 ಸೆಂ.ಮೀ. ಗೆರೆ ಗೀಚಿ. ಸುಡುವಾಗ ಪ್ರತಿ ತಟ್ಟಿನಲ್ಲೂ ಒಂದಿಡಿ. ಸುಟ್ಟ ಮೇಲೆ ಗೆರೆ ಅಳೆದರೆ ಎಲ್ಲಿ ಎಷ್ಟು ಕುಗ್ಗುತ್ತದೆ ಅನ್ನುವ ನಕ್ಷೆಯೇ ಸಿಗುತ್ತದೆ. ಖರ್ಚಿಲ್ಲ. ಒಂದರೊಳಗೊಂದು ಕೂರಬೇಕಾದ ತುಂಡುಗಳನ್ನು ಒಂದೇ ಬಿಸಿಯ ತಟ್ಟುಗಳಲ್ಲಿ ಸುಡಿ. 20 ಸೆಟ್‌ಗೂ ಒಂದೇ ಲಾಟಿನ ಹೊಸ ಮಣ್ಣು ತನ್ನಿ. ಚೂರುಪಾರು ಮಣ್ಣನ್ನು ಮಗ್ ಮಾಡಲು ಇಟ್ಟುಕೊಳ್ಳಿ.

ನಾಲ್ಕನೆಯದು ಸೊಟ್ಟ. 1230 ಡಿಗ್ರಿಯಲ್ಲಿ ಸ್ಟೋನ್‌ವೇರ್ ಮೆತ್ತಗಾಗಿರುತ್ತದೆ. ಕರಗಲ್ಲ, ಆದರೆ ತನ್ನ ಭಾರಕ್ಕೆ ತಾನೇ ಸ್ವಲ್ಪ ಬಗ್ಗುತ್ತದೆ. ತಳವಿರುವ ಬಟ್ಟಲು ಆಕಾರ ಹಿಡಿದುಕೊಳ್ಳುತ್ತದೆ. ತಳವಿಲ್ಲದ ಬಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದರಲ್ಲಿ ಮಣ್ಣಿನ ನೆನಪಿನ ಪಾಲೂ ಇದೆ. ಮಣ್ಣಿನ ಕಣಗಳು ಚಪ್ಪಟೆ ಬಿಲ್ಲೆಗಳಂತೆ ಇರುತ್ತವೆ, ನಾವು ಒತ್ತಿದ ಕಡೆಗೆ ಸಾಲಾಗಿ ಮಲಗುತ್ತವೆ. ಹಸಿ ಬಳೆಯನ್ನು ಚಕ್ರದಿಂದ ಎತ್ತುವಾಗ ಒಮ್ಮೆ ಅಮುಕಿ ಮತ್ತೆ ಗುಂಡಗೆ ಮಾಡಿದ್ದರೆ, ಕಣ್ಣಿಗೆ ಗುಂಡಗೇ ಕಾಣುತ್ತದೆ. ಕಿಲ್ನ್‌ನಲ್ಲಿ ಅದು ಅಮುಕಿದ ಆಕಾರಕ್ಕೆ ವಾಪಸಾಗುತ್ತದೆ. ಒಂದು ಕಡೆಗೆ ಮಾತ್ರ ಫ್ಯಾನ್ ಗಾಳಿ ತಾಗಿ ಒಣಗಿದ್ದರೂ ಇದೇ ಗತಿ.

ಇದಕ್ಕೆ ಮದ್ದು ಕಷ್ಟದ್ದಲ್ಲ. ಬಳೆಯನ್ನು ಚಕ್ರದಿಂದ ಕೈಯಲ್ಲಿ ಎತ್ತಬೇಡಿ. ಚಕ್ರಕ್ಕೆ ಕೂರಿಸಿದ ಹಲಗೆಯ ಮೇಲೇ ಅದನ್ನು ರೂಪಿಸಿ, ಹಲಗೆ ಸಮೇತ ತೆಗೆದಿಡಿ. ಬಾಯಿಗೆ ಪ್ಲಾಸ್ಟಿಕ್ ಮುಚ್ಚಿ ನಿಧಾನ ಒಣಗಿಸಿ, ದಿನಕ್ಕೊಮ್ಮೆ ಬೋರಲು ಹಾಕಿ. ಸುಡುವಾಗ ಪ್ರತಿ ಬಳೆಯ ಕೆಳಗೂ ಅದೇ ಮಣ್ಣಿನ, ಅದೇ ಹಂತದಲ್ಲಿರುವ ಒಂದು ತೆಳು ಬಿಲ್ಲೆ ಇಡಿ. ಬಳೆ ಕುಗ್ಗುವಾಗ ಬಿಲ್ಲೆಯೂ ಜೊತೆಗೆ ಕುಗ್ಗುತ್ತದೆ. ಬಳೆಯ ಬುಡ ತಟ್ಟಿಗೆ ಕಚ್ಚಿಕೊಂಡು ಎಳೆದಾಡುವುದು ತಪ್ಪುತ್ತದೆ. ಬಿಲ್ಲೆ ಒಂದೇ ಸಲಕ್ಕೆ ಬರುವಂಥದ್ದು. ಆಮೇಲೆ ಅದನ್ನು ಟೀ ಲೋಟದ ಕೆಳಗೆ ಇಟ್ಟುಕೊಳ್ಳಬಹುದು, ನಮ್ಮ ಮನೆ ತುಂಬ ಅವೇ.

ಅಂಟಿಕೊಂಡ ಎರಡರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಗ್ಲೇಜ್ ಅಂದರೆ ಗಾಜು. ಎರಡು ತುಂಡು ಮುಟ್ಟುವ ಕಡೆ ಗಾಜು ಕರಗಿದರೆ ಅವು ಒಂದೇ ತುಂಡು. ಕೂರುವ ಅಂಚಿನಿಂದ ಮೂರು ಮಿ.ಮೀ. ದೂರದವರೆಗೆ ಗ್ಲೇಜ್ ಬರಲೇಬಾರದು. ಹರಿಯುವ ಗ್ಲೇಜ್ ಆದರೆ ಐದಾರು ಮಿ.ಮೀ. ಬಿಡಿ. ಆ ಜಾಗಕ್ಕೆ ಮೇಣ ಸವರಿ ಆಮೇಲೆ ಗ್ಲೇಜ್‌ನಲ್ಲಿ ಅದ್ದಿ. ಒಂದರ ಮೇಲೊಂದಿಟ್ಟೇ ಸುಡಬೇಕೆಂದರೆ ಮೇಣಕ್ಕೆ ಅಲ್ಯೂಮಿನಾ ಪುಡಿ ಕಲಸಿ ಸವರಿ. ಅದು ಆ ಬಿಸಿಗೆ ಕರಗುವುದಿಲ್ಲ, ಬರಿ ಮಣ್ಣಿಗೆ ಮಣ್ಣು ಕಚ್ಚಿಕೊಳ್ಳುವುದನ್ನೂ ತಡೆಯುತ್ತದೆ.

ಅಚ್ಚಿನ ಮಾತು. ಅಚ್ಚು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ನಾನು ತುಂಬ ದುಡ್ಡು ಕೊಟ್ಟು ಕಲಿತ ಸುಳ್ಳು. ಒಮ್ಮೆ ಒಂದು ಕಟ್ಟಡದ ಗೋಡೆಗೆ ಜಾಲಿ ಇಟ್ಟಿಗೆ ಮಾಡಿಕೊಡಲು ಒಪ್ಪಿದ್ದೆ. ಸಾಲಿಗೆ ಹನ್ನೆರಡು. ಪ್ಲಾಸ್ಟರ್ ಅಚ್ಚಿನಲ್ಲಿ ಒತ್ತಿದ್ದು, ಒಂದಕ್ಕೊಂದು ಅವಳಿ. ಸುಟ್ಟ ಮೇಲೆ ಒಂದೊಂದೂ ಲೆಕ್ಕಕ್ಕಿಂತ ಒಂದೂವರೆ ಮಿ.ಮೀ. ದೊಡ್ಡದಾಗಿ ಬಂದವು, ಆ ಸಲ ಕಿಲ್ನ್ ಸ್ವಲ್ಪ ತಣ್ಣಗೆ ನಡೆದಿತ್ತು. ಕೈಯಲ್ಲಿ ಹಿಡಿದರೆ ಗೊತ್ತೇ ಆಗಲ್ಲ. ಗೋಡೆಗೆ ಜೋಡಿಸುತ್ತಾ ಹೋದರೆ ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ 18 ಮಿ.ಮೀ. ಉಬ್ಬಿತ್ತು. ಕೊನೆಯದು ಹಿಡಿಸಲೇ ಇಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಅಚ್ಚು ಕೊಡುವುದು ಒಂದೇ ಹಸಿ ಅಳತೆ, ಒಂದೇ ಸುಟ್ಟ ಅಳತೆ ಅಲ್ಲ.

ಅಚ್ಚಿಗೆ ಬೇರೆ ಗುಣಗಳಿವೆ, ಅದನ್ನು ಅಲ್ಲಗಳೆಯಲ್ಲ. ಮಣ್ಣನ್ನು ಅಂಬಲಿಯ ಹಾಗೆ ಮಾಡಿ ಪ್ಲಾಸ್ಟರ್ ಅಚ್ಚಿಗೆ ಹೊಯ್ದರೆ ಗೋಡೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ, ಸೊಟ್ಟ ಕಮ್ಮಿ. 200 ಸೆಟ್ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 20 ಸೆಟ್ಟಿಗೆ ಐದು ಬಗೆಯ ಅಚ್ಚು, ಪ್ರತಿ ಬಗೆಗೂ ನಾಲ್ಕೈದು ಪ್ರತಿ, ಶಿವಮೊಗ್ಗದ ಮಳೆಗಾಲದಲ್ಲಿ ಒಣಗದ ಪ್ಲಾಸ್ಟರ್. ಬೇಡ. ಅಷ್ಟೂ ಮಾಡಿ ಕೊನೆಗೆ ನಿಮ್ಮ ಬೆರಳಿನ ಗೆರೆಗಳು ಹೋಗಿಬಿಡುತ್ತವೆ. ಹೋಂಸ್ಟೇಯವರು ಫೋಟೋದಲ್ಲಿ ಮೆಚ್ಚಿದ್ದು ಅವನ್ನೇ ಇರಬೇಕು.

ಹಾಗಾದರೆ ಏನು ಮಾಡುವುದು? ನಾನಾದರೆ ಮೊದಲು ಕೀಲನ್ನು ಬದಲಿಸುತ್ತೇನೆ. ನಿಮ್ಮದು ನೇರ ಗೋಡೆಯ ಬಾಯೊಳಗೆ ನೇರ ಗೋಡೆಯ ಬುಡ. ಬಿರಡೆ ಹಾಕಿದ ಹಾಗೆ. ಅದಕ್ಕೆ ದೊಡ್ಡದಾದರೂ ಕಷ್ಟ, ಚಿಕ್ಕದಾದರೂ ಕಷ್ಟ. ಅಜ್ಜಿ ತಲೆಯ ಮೇಲೆ ಸಿಂಬೆ ಇಟ್ಟು ಕೊಡ ಹೊರುತ್ತಿದ್ದದ್ದು ನೆನಪಿಸಿಕೊಳ್ಳಿ. ಸಣ್ಣ ಕೊಡವೂ ಅದೇ ಸಿಂಬೆ, ದೊಡ್ಡ ಹಂಡೆಯೂ ಅದೇ ಸಿಂಬೆ. ಬುಡ ಇಳಿಜಾರಾಗಿರುವುದರಿಂದ ಯಾವುದಾದರೂ ನಡುವಿಗೇ ಬಂದು ಕೂರುತ್ತದೆ. ನಿಮ್ಮ ಬಾಯಿಯ ಒಳ ಅಂಚನ್ನೂ ಬುಡದ ಹೊರ ಅಂಚನ್ನೂ 45 ಡಿಗ್ರಿ ಓರೆ ಮಾಡಿ. ಆಗ ಎರಡು ಮಿ.ಮೀ. ಅಗಲದ ವ್ಯತ್ಯಾಸ ಬಂದರೆ, ತುಂಡು ಒಂದು ಮಿ.ಮೀ. ಮೇಲೋ ಕೆಳಗೋ ಕೂರುತ್ತದೆ. ಅಷ್ಟೇ. ಯಾರಿಗೂ ಕಾಣಲ್ಲ.

ಓರೆ ಒಂದೇ ಸಾಲದು. ಅಂಚು ಅಲೆಯಲೆಯಾಗಿದ್ದರೆ ತುಂಡು ಕುಲುಕಾಡುತ್ತದೆ. ಇದಕ್ಕೂ ಉತ್ತರ ಅಡುಗೆ ಮನೆಯಲ್ಲೇ ಇದೆ. ಮೂರು ಕಲ್ಲಿನ ಒಲೆಯ ಮೇಲೆ ಎಂಥ ಸೊಟ್ಟ ಪಾತ್ರೆಯೂ ಅಲ್ಲಾಡುವುದಿಲ್ಲ. ಬಾಯಿಯ ಓರೆಯ ಮೇಲೆ ಸಮ ದೂರದಲ್ಲಿ ಮೂರು ಉಬ್ಬು ಇಡಿ, ಅಕ್ಕಿಕಾಳಿನಷ್ಟು ಎತ್ತರ ಸಾಕು. ಮೇಲಿನ ತುಂಡು ಆ ಮೂರರ ಮೇಲೆ ಕೂರುತ್ತದೆ, ಉಳಿದ ಅಂಚು ಎಲ್ಲೂ ಮುಟ್ಟುವುದಿಲ್ಲ. ಬಳೆ ಸ್ವಲ್ಪ ಮೊಟ್ಟೆಯಾಕಾರ ಆಗಿದ್ದರೂ ನಡೆಯುತ್ತದೆ. ಉಬ್ಬಿನ ಮೇಲೆ ಪಾರದರ್ಶಕ ಸಿಲಿಕೋನ್ ಚುಕ್ಕೆ ಅಂಟಿಸಿದರೆ ಕರಕರ ಸದ್ದೂ ಇಲ್ಲ, ಜಾರುವುದೂ ಇಲ್ಲ. ಕಪಾಟಿನ ಬಾಗಿಲಿಗೆ ಹಚ್ಚುತ್ತಾರಲ್ಲ, ಅದೇ.

ಸಂದನ್ನು ಮುಚ್ಚಿಡಲು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಒಟ್ಟು ಮೂರು ಮಿ.ಮೀ. ಸಡಿಲು ಬಿಟ್ಟು, ಪ್ರತಿ ತುಂಡಿನ ನಡುವೆ ಒಂದು ಕಪ್ಪು ನೆರಳಿನ ಗೆರೆ ಕಾಣುವಂತೆ ಮೇಲಿನ ತುಂಡಿನ ಅಂಚನ್ನು ಒಳಗೆ ಸರಿಸಿ. ಎಲ್ಲ ಕಡೆ ಗೆರೆ ಇದ್ದರೆ ಅದು ವಿನ್ಯಾಸ. ಒಂದೇ ಕಡೆ ಇದ್ದರೆ ಅದು ತಪ್ಪು. ಈ ಓರೆ, ಉಬ್ಬು ಇವನ್ನೆಲ್ಲ ಎತ್ತುವಾಗ ಮಾಡಬೇಡಿ. ಮಣ್ಣು ಅರೆ ಒಣಗಿ, ಉಗುರು ಒತ್ತಿದರೆ ಗುರುತು ಬಿದ್ದು ಬೆರಳು ಒತ್ತಿದರೆ ಬಗ್ಗದ ಹದಕ್ಕೆ ಬಂದಾಗ ಚಕ್ರದ ಮೇಲೆ ಕೆತ್ತಿ. ಪ್ಲೈವುಡ್‌ನಲ್ಲಿ ಎರಡು ಅಳತೆಪಟ್ಟಿ ಕತ್ತರಿಸಿಟ್ಟುಕೊಳ್ಳಿ, ಬಾಯಿಗೊಂದು, ಬುಡಕ್ಕೊಂದು. ನೂರು ತುಂಡಿಗೂ ಅವೇ ಎರಡು ಪಟ್ಟಿ. ಸ್ಕೇಲ್ ಹಿಡಿದು ಅಳೆಯುತ್ತಾ ಕೂತರೆ ನೂರು ಸಲ ತಪ್ಪಲು ಅವಕಾಶ ಕೊಟ್ಟಂತೆ.

ಎರಡನೆಯ ದಾರಿ, ನಡುವೆ ಒಂದು ಟೊಳ್ಳು ಪೈಪು ನಿಲ್ಲಿಸಿ ಎಲ್ಲವನ್ನೂ ಮಣಿ ಪೋಣಿಸಿದಂತೆ ಅದಕ್ಕೆ ಪೋಣಿಸುವುದು. ದೀಪದ ವೈರೂ ಅದರೊಳಗೇ ಹೋಗುತ್ತದೆ. ಗೋಪುರ ಬೀಳುವ ಭಯವಿಲ್ಲ. 10 ಮಿ.ಮೀ. ಪೈಪಿಗೆ ಹಸಿಯಲ್ಲಿ 14 ಮಿ.ಮೀ. ತೂತು ಮಾಡಿ, ಸುಟ್ಟಾಗ 12ರ ಸುಮಾರಿಗೆ ಬರುತ್ತದೆ. ನಟ್ಟಿನ ಕೆಳಗೆ ರಬ್ಬರ್ ವಾಷರ್ ಹಾಕಲೇಬೇಕು, ಮತ್ತು ಕೈಯಲ್ಲಿ ತಿರುಗಿಸಿದಷ್ಟೇ ಬಿಗಿ. ಸುಟ್ಟ ಮಣ್ಣು ಒತ್ತಡ ತಡೆಯುತ್ತದೆ, ಎಳೆತ ಬಗ್ಗಾಟ ತಡೆಯುವುದಿಲ್ಲ. ಸ್ಪ್ಯಾನರ್ ಹಾಕಿದರೆ ಟಿಕ್ ಅಂತ ಸೀಳುತ್ತದೆ. ಆದರೆ ನಿಮಗೆ ಈ ದಾರಿ ಒಗ್ಗುತ್ತದೆಯೇ? ಬಟ್ಟಲಿನ ನಡುವೆ ಕಂಬ ಬಂದರೆ ಚಕ್ಕುಲಿ ಎಲ್ಲಿ ಇಡೋದು?

ಮೂರನೆಯದು, ಮಣ್ಣನ್ನೇ ಬದಲಿಸುವುದು. ಹೆಂಚಿನಂಥ ಕೆಂಪು ಮಣ್ಣನ್ನು ಹೆಚ್ಚು ಬಿಸಿಗೆ ಒಯ್ಯದೆ ಸುಟ್ಟರೆ ಕುಗ್ಗುವುದು ಕಮ್ಮಿ, ಮೆತ್ತಗಾಗಿ ಬಗ್ಗುವುದಂತೂ ಇಲ್ಲವೇ ಇಲ್ಲ. ಹೊಂದಿಕೆ ಸುಲಭ. ಬದಲಿಗೆ ಅದು ನೀರು ಕುಡಿಯುತ್ತದೆ. ಬಟ್ಟಲಾದರೆ ಎಣ್ಣೆ ಹೀರಿಕೊಳ್ಳುತ್ತದೆ, ಮಲೆನಾಡಿನ ತೇವಕ್ಕೆ ಬೂಸು ಹಿಡಿಯುತ್ತದೆ. ಸ್ಟೋನ್‌ವೇರ್‌ನಲ್ಲೇ ಇರಿ, ಬೇಕಾದರೆ ಸುಟ್ಟು ಪುಡಿ ಮಾಡಿದ ಮಣ್ಣು, ಅಂದರೆ ಗ್ರಾಗ್, ಬೆರೆತ ಮಣ್ಣು ತನ್ನಿ. ಆ ಕಣಗಳು ಈಗಾಗಲೇ ಕುಗ್ಗಿ ಮುಗಿದಿರುವುದರಿಂದ ಒಟ್ಟು ಕುಗ್ಗುವಿಕೆಯೂ ಸೊಟ್ಟವೂ ಇಳಿಯುತ್ತವೆ. ಕೈಗೆ ಒರಟು ತಾಗುತ್ತದೆ, ಬಳೆಗಳಿಗೆ ಅದು ಚೆಂದವೇ.

ಈಗಾಗಲೇ ಸುಟ್ಟು ಇಟ್ಟಿರುವುದರಲ್ಲಿ ಒಳಗೆ ಹೋಗದವನ್ನು ಉಜ್ಜಿ ಸರಿ ಮಾಡಬಹುದು. ಡೈಮಂಡ್ ಪ್ಯಾಡ್ ಕಡಪ ಕಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ. ನೀರು ಹಾಕಿಕೊಂಡೇ ಉಜ್ಜಿ. ಒಣ ಉಜ್ಜಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ. ಬರೀ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಒಂದು ಮಿ.ಮೀ. ತೆಗೆಯಲು ಅರ್ಧ ದಿನ ಹಿಡಿಯುತ್ತದೆ ಅನ್ನುವುದೂ ತಿಳಿದಿರಲಿ. ಅರಾಲ್ಡೈಟ್? ಅಂಟಿಸಿದ ಮೇಲೆ ಅದು ಮಾಡ್ಯುಲರ್ ಹೇಗಾಯಿತು? ಹೋಲ್ಡರ್ ಕೂರಿಸಲು ಬಳಸಿ, ಬೇರೆಲ್ಲೂ ಬೇಡ.

ಈಗ ಆ ಐದನೆಯ ವಿಷಯ. ನಿಮ್ಮ ಗೋಪುರದಲ್ಲಿ ಯಾವುದನ್ನು ಯಾವುದರ ಮೇಲೆ ಬೇಕಾದರೂ ಇಡಬಹುದು ಎಂದಿರಿ. ಗಿಡ ಬೆಳೆಯಬೇಕಾದರೆ ಕುಂಡ ತುದಿಯಲ್ಲೇ ಇರಬೇಕು. ದೀಪ ಅದರ ಕೆಳಗೆ ಎಲ್ಲೋ ಇರುತ್ತದೆ. ಅಂದರೆ ನೀರು ಮೇಲೆ, ಕರೆಂಟು ಕೆಳಗೆ. ಹೋಂಸ್ಟೇಯಲ್ಲಿ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವವರು ಮಗ್ಗಿನಲ್ಲಿ ಹೊಯ್ದು ಹೋಗುತ್ತಾರೆ, ನಿಮ್ಮ ಸೂಚನೆಯ ಚೀಟಿ ಓದುತ್ತಾ ನಿಲ್ಲುವುದಿಲ್ಲ. ಕೂರದ ತುಂಡಿನಿಂದ ನಿಮ್ಮ ಹೆಸರು ಕೆಡಬಹುದು. ಇದರಿಂದ ಯಾರಿಗೋ ಶಾಕ್ ಹೊಡೆಯಬಹುದು.

ಹಾಗಾಗಿ ಕೀಲು ಎಲ್ಲಕ್ಕೂ ಒಪ್ಪಬಾರದು, ಕೆಲವಕ್ಕೆ ಒಲ್ಲೆ ಅನ್ನಬೇಕು. ದೀಪದ ತುಂಡಿನ ತಲೆಯನ್ನು ಗುಮ್ಮಟದಂತೆ ಮುಚ್ಚಿಬಿಡಿ, ಮೇಲೆ ಕೂರಲು ಬಾಯಿಯೇ ಇರಕೂಡದು. ಆಗ ಅದು ತಾನಾಗಿ ತುದಿಗೇ ಹೋಗುತ್ತದೆ. ಬಿಸಿ ಹೊರಹೋಗಲು ಪಕ್ಕದ ಜಾಲಿ ಸಾಕು. ಕುಂಡ ಇನ್ನೊಂದು ಗಿಡ್ಡ ಗೋಪುರದ ತುದಿಗೆ. ಐದು ತುಂಡಿನಲ್ಲಿ ಎರಡು ಪುಟ್ಟ ಗೋಪುರವಾಗುತ್ತದೆ, ಮೇಜಿನ ಮೇಲೆ ಅದೇ ಚೆಂದ ಕಾಣಬಹುದು. ಕುಂಡಕ್ಕೆ ತಳದಲ್ಲಿ ತೂತು ಬೇಡ. ಒಳಗೆ ಪ್ಲಾಸ್ಟಿಕ್ ಕುಂಡ ಇಟ್ಟು, ನಿಮ್ಮದು ಹೊರಗಿನ ಕವಚವಾಗಲಿ. ದೀಪಕ್ಕೆ 230 ವೋಲ್ಟಿನ ಬಲ್ಬ್ ಬದಲು ಯುಎಸ್‌ಬಿಯಿಂದ ಉರಿಯುವ 5 ವೋಲ್ಟಿನ ಎಲ್‌ಇಡಿ ಹಾಕಿ. ವೈರು ಹೊರಬರುವ ತೂತಿನ ಅಂಚು ಹಸಿಯಲ್ಲೇ ಸ್ಪಂಜಿನಿಂದ ದುಂಡಗೆ ಮಾಡಿ, ರಬ್ಬರ್ ಬಳೆ ಹಾಕಿ. ಗ್ಲೇಜ್ ಆದ ಚೂಪು ಅಂಚು ಬ್ಲೇಡಿನಂತೆ ವೈರಿನ ಸಿಪ್ಪೆ ಕೊಯ್ಯುತ್ತದೆ. ಬಟ್ಟಲಿನಲ್ಲಿ ತಿನ್ನುವ ಪದಾರ್ಥ ಇಡುತ್ತಾರಾದರೆ ಸೀಸವಿಲ್ಲದ ಗ್ಲೇಜ್ ಅಂತ ಮಾರಿದವರಿಂದ ಬರೆಸಿಕೊಳ್ಳಿ. ರಾತ್ರಿಯಿಡೀ ನಿಂಬೆಹೋಳು ಇಟ್ಟು ನೋಡುವ ಮನೆ ಪರೀಕ್ಷೆ ಇದೆ. ಬಣ್ಣ ಬಿಟ್ಟರೆ ಆ ಗ್ಲೇಜ್ ಬೇಡವೇ ಬೇಡ. ಹಾಗಂತ ಬಣ್ಣ ಬಿಡದಿದ್ದರೆ ಒಳ್ಳೆಯದು ಅಂತ ಅರ್ಥವಲ್ಲ. ಅದಕ್ಕೆ ಲ್ಯಾಬಿಗೇ ಕೊಡಬೇಕು.

ಪಾತ್ರೆಯೋ ಶಿಲ್ಪವೋ ಅಂತ ಕೇಳಿದ್ದೀರಿ. ಇಟಲಿಯ ವಿನ್ಯಾಸಕಾರ ಎಟ್ಟೋರೆ ಸೊಟ್ಸಾಸ್ 1961ರಲ್ಲಿ ಭಾರತ ಸುತ್ತಿ ಹೋದವರು. ಅದೇ ದಶಕದಲ್ಲಿ ಅವರು ಆಳೆತ್ತರದ ಸೆರಾಮಿಕ್ ಗೋಪುರಗಳನ್ನು ಮಾಡಿದರು. ಬಣ್ಣ ಬಣ್ಣದ ಬಳೆಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಅವುಗಳಿಂದ ಉಪಯೋಗ ಏನೂ ಇಲ್ಲ, ಶುದ್ಧ ಶಿಲ್ಪ. ಅವರಿಗೆ ಬಲ್ಬ್ ಹೋಲ್ಡರಿನ ಕಾಟವೂ ಇರಲಿಲ್ಲ. ನಿಮ್ಮದು ಉಪಯೋಗಕ್ಕೂ ಬರಬೇಕು, ನೋಡಲೂ ನಿಲ್ಲಬೇಕು. ನಮ್ಮ ಮದುವೆಗಳಲ್ಲಿ ಕುಂಬಾರರ ಮನೆಯಿಂದ ತರುವ ಐರಣಿ ಗಡಿಗೆಗಳನ್ನು ನೋಡಿ. ಸುಣ್ಣ ಕೆಮ್ಮಣ್ಣಿನ ಗೆರೆ ಬರೆದ ಆ ಮಡಕೆಗಳನ್ನು ಪಾತ್ರೆ ಅಂತ ಯಾರೂ ಅಳೆದು ಕೊಳ್ಳುವುದಿಲ್ಲ. ಬೆಲೆಯನ್ನು ಹೆಸರಿನ ಮೇಲೆ ಇಡಬೇಡಿ, ಗಂಟೆಯ ಮೇಲೆ ಇಡಿ. ನೂರು ತುಂಡು ಕೊಡಬೇಕಾದರೆ 120 ಮಾಡಬೇಕಾಗುತ್ತದೆ. ಆ 20ರ ಮಣ್ಣು, ಗ್ಲೇಜ್, ಕರೆಂಟು ಎಲ್ಲ ಲೆಕ್ಕಕ್ಕೆ ಸೇರಲಿ. ಕೂರದವನ್ನು ಒಡೆಯಲು ಹೋಗಬೇಡಿ, ಹೆಚ್ಚಿಗೆ ಉಳಿದವನ್ನು ಬಿಡಿಭಾಗ ಅಂತ ತೆಗೆದಿಡಿ. ಮುಂದಿನ ವರ್ಷ ಹೋಂಸ್ಟೇಯಿಂದ ‘ಒಂದು ಬಟ್ಟಲು ಒಡೆಯಿತು’ ಅಂತ ಫೋನ್ ಬಂದೇ ಬರುತ್ತದೆ. ಆಗ ಹೊಸ ಲಾಟಿನ ಮಣ್ಣಿನಲ್ಲಿ ಮಾಡಿದರೆ ಅಳತೆ ಮತ್ತೆ ಬೇರೆ.

ಅಂಟಿಕೊಂಡಿರುವ ಆ ಜೋಡಿಯನ್ನು ಸುತ್ತಿಗೆ ಹಿಡಿದು ಬಿಡಿಸಲು ಹೋಗಬೇಡಿ, ಎರಡೂ ಹೋಗುತ್ತವೆ. ಸಂದಿನಲ್ಲಿ ಗ್ಲೇಜ್ ಹೇಗೆ ಹರಿದು ಸೇರಿದೆ ಅಂತ ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಜಾಸ್ತಿ ದಪ್ಪ ಇದೆಯೋ ಅಲ್ಲಿಂದಲೇ ನಿಮ್ಮ ಮೇಣದ ಗೆರೆ ಶುರುವಾಗಬೇಕು. ಆಮೇಲೆ ಅದರಲ್ಲಿ ಒಂದು ತುಳಸಿ ನೆಟ್ಟುಬಿಡಿ.